ಮನೆಯ ಮಕ್ಕಳು

೯ ಜನವರಿ ೨೦೨೩, ಸೋಮವಾರ. ಮಧ್ಯಾಹ್ನ

ಬೆಳಗ್ಗೆ ಡಿಕಾಕ್ಷನ್ ಕೆಟ್ಟಿತು. ಪುಡಿ ಹೊಸದು, ಸುಟ್ಟ ವಾಸನೆ. ಗಿರಾಕಿಗಳು ಯಾರೂ ಏನೂ ಹೇಳಲಿಲ್ಲ — ದಾದರ್ ಸ್ಟೇಷನ್ನಿಗೆ ಓಡುವವರಿಗೆ ಬಿಸಿ ಇದ್ದರೆ ಸಾಕು, ಕಷಾಯ ಕೊಟ್ಟರೂ ಕುಡಿಯುತ್ತಾರೆ. ಆದರೆ ನನಗೆ ಗೊತ್ತಲ್ಲ. ಇಡೀ ದಿನ ಮೂಡ್ ಆಫ್.

ಈಗ ರೆಸ್ಟ್. ಎಲ್ಲರೂ ಮಾಳಿಗೆ ಹತ್ತಿ ಬಿದ್ದುಕೊಂಡಿದ್ದಾರೆ. ಈಶ್ವರನ ಗೊರಕೆ ಕೆಳಗಿನ ಗಲ್ಲಾದವರೆಗೆ ಕೇಳುತ್ತಿದೆ. ಹೋಟೆಲಿನಲ್ಲಿ ದೋಸೆ ಮಾಸ್ತರ ಅವನೇ, ಹೊಸ ಯೂನಿಯನ್ನಿನ ಅಧ್ಯಕ್ಷನೂ ಅವನೇ. ಎರಡು ಕಡೆಯೂ ಬೇಗ ಬಿಸಿಯಾಗುತ್ತಾನೆ. ಅಂಗಾರ ಮಾತ್ರ ಮಲಗಿಲ್ಲ. ಗ್ರೈಂಡರಿನ ಕಲ್ಲು ಬಿಚ್ಚಿ ತೊಳೆಯುತ್ತಿದ್ದಾನೆ. ನಾಳೆಯ ಹಿಟ್ಟಿಗೆ ಅವನಿಗೆ ಈಗಿನಿಂದಲೇ ಚಿಂತೆ. ಇಡೀ ಸುಪ್ರಭಾತ ಹೋಟೆಲಿನಲ್ಲಿ ನನ್ನ ಊರಿನವನು ಅವನೊಬ್ಬ. ಕರೆದು ತಂದವನೂ ನಾನೇ.

ಮನೀಶ್ ಬಂದಿದ್ದ, ಧಣಿಗಳ ಮಗ. ಟೇಪ್ ಹಿಡಿದು ಗೋಡೆ ಅಳೆದ. ಬಿಲ್ಡಿಂಗ್ ಒಡೆಯುವುದು ಖಾಯಂ. ಹೋಟೆಲು ಬಾಂದ್ರಾಕ್ಕೆ ಹೋಗುತ್ತದೆ, ಇದೇ ಹೆಸರು, ಇದೇ ಮೆನು. ಅಲ್ಲಿ ಏಜೆನ್ಸಿಯ ಹುಡುಗರಂತೆ. ಯೂನಿಫಾರ್ಮ್, ಕೈಗೆ ಗ್ಲೌಸ್. ನಮ್ಮ ವಿಷಯ ಕೇಳಿದ್ದಕ್ಕೆ, "ಪಪ್ಪಾ ಕೋ ಪೂಛೋ, ಅಂಕಲ್" ಎಂದ, ಅಪ್ಪನನ್ನೇ ಕೇಳಿ ಎಂದು. ಪಪ್ಪಾ, ಅಂದರೆ ಶಶಿಕಾಂತ ಧಣಿಗಳು, ಮುಗುಳ್ನಗುತ್ತಾರೆ. ಬಾಯಿ ಬಿಡುವುದಿಲ್ಲ.

ಐವತ್ತು ದಾಟಿದ ಮೇಲೆ ದಾದರಿನಲ್ಲಿ ಕಾಫಿ ಮಾಡುವವನಿಗೆ ಇನ್ನೆಲ್ಲಿ ಕೆಲಸ? ಹೆದರಿಕೆಯಾಗುತ್ತದೆ. ಬರೆಯಲು ನಾಚಿಕೆಯೇನು, ಓದುವವರು ಯಾರೂ ಇಲ್ಲ.

೧೫ ಜನವರಿ, ಭಾನುವಾರ

ವಕೀಲೆ ವಿಜೇತಾ ಮೇಡಂ ಹತ್ತಿರ ಹೋಗಿ ಬಂದೆವು. ಯೂನಿಯನ್ನಿನ ಕೇಸುಗಳನ್ನು ಅವಳೇ ನೋಡುವುದು. ನಮ್ಮ ಕಡೆಯವಳೇ, ಆದರೆ ಹುಟ್ಟಿದ್ದು, ಬೆಳೆದದ್ದು ಇಲ್ಲಿ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಮೂರು ಭಾಷೆಯ ಮಿಕ್ಸ್. ಕೇಳಿದಳು — ಯಾರ ಹತ್ತಿರವಾದರೂ ಅಪಾಯಿಂಟ್‌ಮೆಂಟ್ ಲೆಟರ್ ಉಂಟಾ? ಇಲ್ಲ. ಮತ್ತೇನುಂಟು? ಈಶ್ವರ ತನ್ನ ಅಂಗೈ ತೋರಿಸಿದ, ಕಾವಲಿಯ ಸುಟ್ಟ ಗಾಯ. ಅವಳು ನಗಲಿಲ್ಲ.

ಹೊಸ ಹೋಟೆಲಿನಲ್ಲಿ ನಮ್ಮನ್ನೇ ಇಟ್ಟುಕೊಳ್ಳಬೇಕು ಎನ್ನುವುದು ಡಿಮ್ಯಾಂಡು. ಅದಕ್ಕೆ ಮೊದಲು ನಾವು ಅವರ ಕೆಲಸಗಾರರು ಎಂದು ಕೋರ್ಟು ಒಪ್ಪಬೇಕು. ಅಷ್ಟೇ ಸಾಕು, ಅಲ್ಲಿಯೇ ಎಲ್ಲ ಇರುವುದು ಎಂದಳು. ಅಲ್ಲಿಯತನಕ ಧಣಿಗಳ ಜೊತೆ ಜಗಳವೂ ಬೇಡ, ಪ್ರೀತಿಯೂ ಬೇಡ. ಏನೂ ಬರೆದು ಕೊಡಬೇಡಿ.

ಯೂನಿಯನ್ ಎಂದರೆ ನನಗೆ ಈಗಲೂ ಹೆದರಿಕೆ. ನಾನು ಮುಂಬಯಿಗೆ ಬಂದಾಗ ಗಿರಣಿ ಮುಷ್ಕರ ಮುಗಿದೂ ಮುಗಿಯದ ಹಾಗಿತ್ತು. ಪರೇಲ್ ಕಡೆಯ ಕಾರ್ಮಿಕರು ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಹಿಡಿದು ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಗಟ್ಟಿಮುಟ್ಟಾದ ಗಂಡಸರು. ಆಮೇಲೆ ಕಟಿಂಗಿಗೂ ಬರುವುದು ನಿಂತಿತು. ಶಶಿಕಾಂತ ಧಣಿಗಳ ಅಪ್ಪ, ಹಿರಿಯ ಧಣಿಗಳು, ನಮಗೆ ಅವರನ್ನು ತೋರಿಸಿ, ನೋಡಿಕೊಳ್ಳಿ ಮಕ್ಕಳೇ ಎನ್ನುತ್ತಿದ್ದರು. ನೋಡಿಕೊಂಡೆವು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೆವು.

೨೧ ಜನವರಿ, ಶನಿವಾರ

ಭಜನಾ ಮಂಡಳಿಯ ಮೀಟಿಂಗು. ಮಂಡಳಿಗೆ ಈ ವರ್ಷ ಬೆಳ್ಳಿಹಬ್ಬ. ಹೋಟೆಲಿನ ಕೆಲಸಗಾರರೇ ಕಟ್ಟಿದ್ದು, ಶನಿವಾರ ಶನಿವಾರ ಭಜನೆ, ವರ್ಷಕ್ಕೊಮ್ಮೆ ಶನಿಪೂಜೆ. ಧಣಿಗಳು ಗೌರವಾಧ್ಯಕ್ಷರು. ಪೂಜೆಯ ದಿನ ಅವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ. ಒಂದು ವರ್ಷವೂ ತಪ್ಪಿದ್ದಿಲ್ಲ.

ಈ ಸಲ ಬೇಡ ಎಂದೆ. ವಕೀಲೆಯ ಮಾತು ನೆನಪಿಸಿದೆ. ಎಲ್ಲರೂ ನನ್ನನ್ನು ಮನೆಗೆ ಬಂದ ನೆಂಟರಿಗೆ ನೀರು ಕೊಡಬೇಡಿ ಎಂದವನ ಹಾಗೆ ನೋಡಿದರು. ಈಶ್ವರ ಎದ್ದು ನಿಂತ.

"ಯೂನಿಯನ್ ಬೇರೆ, ಮಂಡಳಿ ಬೇರೆ ಮೋನಪ್ಪಣ್ಣ. ಕೋರ್ಟಲ್ಲಿ ಜಗಳ ಮಾಡುವಾ. ದೇವರ ಎದುರು ಮರ್ಯಾದೆ ಬಿಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಎಲ್ಲರೂ ಒಪ್ಪಿದರು. ಕೊನೆಗೆ ನಾನೂ. ಬೆಳ್ಳಿಹಬ್ಬದಲ್ಲಿ ಗೌರವಾಧ್ಯಕ್ಷರಿಗೆ ಶಾಲು ಹೊದಿಸದೆ ಕಳಿಸಿದರೆ ಊರಿನವರೆಗೆ ಮಾತು ಹೋಗುತ್ತದೆ.

೨ ಫೆಬ್ರವರಿ, ಗುರುವಾರ

ಸನ್ಮಾನ ಪತ್ರ ಬರೆಯುವುದು ಯಾವಾಗಲೂ ನನ್ನ ಕೆಲಸ. ರಾತ್ರಿಶಾಲೆಯ ಕನ್ನಡ. ಬೇರೆ ಹೋಟೆಲಿನವರೂ ಬಂದು ಬರೆಸಿಕೊಂಡು ಹೋಗುತ್ತಾರೆ. ಹೆಮ್ಮೆ ಇದೆ, ಇಲ್ಲ ಎನ್ನುವುದಿಲ್ಲ.

ಈ ಸಲ ಬೇರೆ ಆಸೆಯೂ ಸೇರಿಕೊಂಡಿತು. ಧಣಿಗಳು ಕಲ್ಲಲ್ಲ. ನನ್ನ ಮಗಳ ಮದುವೆಗೆ ಊರಿಗೆ ಬಂದು ಎರಡು ದಿನ ನಿಂತವರು. ಮನಸ್ಸು ಮುಟ್ಟುವ ಹಾಗೆ ಬರೆದರೆ ಕರಗಿಯಾರು. ಕೋರ್ಟಿನಿಂದ ಆಗದ್ದು ಒಂದು ಶಾಲಿನಿಂದ ಆಗಬಾರದೆಂದಿಲ್ಲ. ಮಧ್ಯಾಹ್ನದ ರೆಸ್ಟಿನಲ್ಲಿ ಅಕ್ಕಿ ಮೂಟೆಯ ಮೇಲೆ ಕುಳಿತು ಬರೆದೆ.

"ತಾವು ನಮಗೆ ಧಣಿಗಳಾಗಿ ಎಂದೂ ಕಾಣಲಿಲ್ಲ, ತಂದೆಯಾಗಿಯೇ ಕಂಡಿರಿ. ನಾವು ಸಂಬಳಕ್ಕಾಗಿ ದುಡಿದವರಲ್ಲ. ಮನೆಯ ಮಕ್ಕಳಾಗಿ ನಮ್ಮ ಮನೆಯ ಕೆಲಸವನ್ನೇ ಮಾಡಿಕೊಂಡು ಬಂದವರು."

ಈ ಸಾಲಿಗೆ ಬಂದಾಗ ನನಗೇ ಕಣ್ಣು ತುಂಬಿತು. ಕೊನೆಯಲ್ಲಿ ಎಲ್ಲರ ಸಹಿ ಇದ್ದರೆ ಚಂದ ಎಂದು ತೋರಿತು. ಒಬ್ಬೊಬ್ಬರನ್ನೇ ಕರೆದು ಓದಿ ಹೇಳಿ ಹಾಕಿಸಿದೆ. ಅಂಗಾರ ಒದ್ದೆ ಕೈ ಒರೆಸಿಕೊಂಡು ಬಂದ. ಆ ಸಾಲನ್ನು ಇನ್ನೊಂದು ಸಲ ಓದು ಎಂದ. ಓದಿದೆ.

"ಮನೆಯ ಮಕ್ಕಳಾ? ಕೇಳ್ಲಿಕ್ಕೆ ಚಂದ ಉಂಟು ಮಾರಾಯ" ಎಂದು ಸಹಿ ಹಾಕಿ ಹೋದ.

೧೨ ಫೆಬ್ರವರಿ, ಭಾನುವಾರ

ನಿನ್ನೆಯ ಪೂಜೆ ಚೆನ್ನಾಗಿ ನಡೆಯಿತು. ಹಾಲ್ ಭರ್ತಿ. ನಾನು ಮೈಕಿನಲ್ಲಿ ಸನ್ಮಾನ ಪತ್ರ ಓದಿದೆ. ಧಣಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪತ್ರದ ಫ್ರೇಮು ಕೈಗೆ ಕೊಟ್ಟಾಗ ನನ್ನನ್ನು ತಬ್ಬಿಕೊಂಡರು. ಫೋಟೋಕ್ಕೆ ಎಲ್ಲರೂ ಸ್ಟೇಜ್ ಹತ್ತಿದರು. ಅಂಗಾರ ಕೆಳಗೆ ಕುರ್ಚಿ ಜೋಡಿಸುತ್ತಿದ್ದ, ಕರೆದರೂ ಬರಲಿಲ್ಲ.

ಧಣಿಗಳು ಮಾತಾಡಿದ್ದು ಎರಡೇ ವಾಕ್ಯ. ಇವರು ನನ್ನ ಕುಟುಂಬ. ಕುಟುಂಬವನ್ನು ಯಾರೂ ಬಿಡುವುದಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಈಶ್ವರ ನನ್ನ ಕಿವಿಯಲ್ಲಿ, "ಆಯ್ತಲ್ಲ, ಇನ್ನು ಕೋರ್ಟ್ ಯಾಕೆ?" ಎಂದ.

ಇಂದು ಡಿಕಾಕ್ಷನ್ ಒಳ್ಳೆಯದು ಬಿತ್ತು.

೩ ಏಪ್ರಿಲ್, ಸೋಮವಾರ

ಬೋರ್ಡ್ ಇಳಿಸಿದರು. ಶಟರಿಗೆ ಹೊಸ ಬೀಗ. ಧಣಿಗಳು ಬರಲಿಲ್ಲ, ಮನೀಶ್ ಬಂದ. ಎಲ್ಲರಿಗೂ ಒಂದೊಂದು ಸ್ವೀಟಿನ ಬಾಕ್ಸ್ ಕೊಟ್ಟು, ಥ್ಯಾಂಕ್ಯೂ ಹೇಳಿದ. ಬಾಂದ್ರಾದ ಮಾತೆತ್ತಿದರೆ, "ವೋ ಅಲಗ್ ಕಂಪನಿ ಹೈ" ಎಂದ, ಅದು ಬೇರೆಯೇ ಕಂಪನಿಯಂತೆ. ಗ್ರೈಂಡರನ್ನು ಗುಜರಿಯವನು ಟೆಂಪೋಕ್ಕೆ ಹಾಕಿಕೊಂಡು ಹೋದ. ಅಂಗಾರ ಅದರ ಹಿಂದೆ ರಸ್ತೆಯ ತಿರುವಿನವರೆಗೆ ನಡೆದುಕೊಂಡು ಹೋಗಿ ಬಂದ.

ಸಂಜೆಯೇ ವಿಜೇತಾ ಮೇಡಂ ಆಫೀಸಿಗೆ ಹೋಗಿ ಕೇಸಿಗೆ ಸಹಿ ಹಾಕಿದೆವು. ಈಶ್ವರ ಸ್ವೀಟಿನ ಬಾಕ್ಸನ್ನು ಅಲ್ಲಿಯ ಪ್ಯೂನಿಗೆ ಕೊಟ್ಟ.

೧೯ ಜೂನ್, ಸೋಮವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿದೆ.

ವಿಕ್ರೋಳಿಯ ಒಂದು ಆಫೀಸಿನಲ್ಲಿ ಚಹಾದ ಕೆಲಸ ಸಿಕ್ಕಿದೆ, ಬೇರೊಬ್ಬನ ಬದಲಿಗೆ. ಅಲ್ಲಿ ಕಾಫಿ ಮೆಷಿನ್ ಮಾಡುತ್ತದೆ. ನಾನು ಕಪ್ ಇಡುತ್ತೇನೆ, ಬಟನ್ ಒತ್ತುತ್ತೇನೆ. ಈಶ್ವರ ಗಾಡಿಯಲ್ಲಿ ದೋಸೆ ಹೊಯ್ಯುತ್ತಾನೆ, ಯಾರದೋ ಗಾಡಿ. ಅಂಗಾರ ಕ್ಯಾಟರಿಂಗಿನವರ ಪಾತ್ರೆ ತೊಳೆಯಲು ಹೋಗುತ್ತಾನೆ. ಧಣಿಗಳು ಹಿಂದೆ ಕೊಟ್ಟಿದ್ದ ನಾಯಗಾಂವ್ ಚಾಳಿನ ಸ್ಟಾಫ್ ರೂಮಿನಲ್ಲೇ ಇದ್ದೇವೆ. ಕೇಸು ಮುಗಿಯುವ ತನಕ ಖಾಲಿ ಮಾಡಿಸಬಾರದೆಂದು ಸ್ಟೇ ಸಿಕ್ಕಿದೆ. ಸಂಜೆ ಅಂಗಾರ ಎಲ್ಲರಿಗೂ ಗಂಜಿ ಬೇಯಿಸುತ್ತಾನೆ, ಚಟ್ನಿ ಅರೆಯುತ್ತಾನೆ. ಅದೊಂದೇ ಹೊತ್ತು ಹೋಟೆಲು ಇನ್ನೂ ಇದೆ ಅನ್ನಿಸುತ್ತದೆ.

ಬಾಂದ್ರಾದ ಸುಪ್ರಭಾತ ಶುರುವಾಗಿದೆ. ಈಶ್ವರ ಹೋಗಿ ಹೊರಗಿನಿಂದ ನೋಡಿ ಬಂದ. ದೋಸೆ ದಪ್ಪವಂತೆ.

೭ ನವೆಂಬರ್, ಮಂಗಳವಾರ

ಲೇಬರ್ ಕೋರ್ಟ್. ತಾರೀಖಿನ ಮೇಲೆ ತಾರೀಖು ಕೊಟ್ಟು ಇಂದು ಧಣಿಗಳ ಕಡೆಯ ಉತ್ತರ ಬಂತು. ಇವರು ನೌಕರರೇ ಅಲ್ಲ. ಊರಿನಿಂದ ಬಂದ ನಮ್ಮ ಮನೆಯವರ ಹಾಗೆ. ಅನ್ನ, ಆಸರೆ ಕೊಟ್ಟಿದ್ದೆವು, ಅವರು ಕೈಜೋಡಿಸುತ್ತಿದ್ದರು, ಖರ್ಚಿಗೆ ಕೊಡುತ್ತಿದ್ದೆವು. ಇದು ಅವರದೇ ಮಾತು ಎಂದು ಅವರ ವಕೀಲರು ಚೀಲದಿಂದ ಒಂದು ವಸ್ತು ತೆಗೆದರು.

ಫ್ರೇಮ್. ನನ್ನ ಫ್ರೇಮ್. ಚಿನ್ನದ ಬಣ್ಣದ ಅಂಚು, ಮೂಲೆಯಲ್ಲಿ ಶನಿದೇವರ ಚಿತ್ರ. ಕೆಳಗೆ ನಮ್ಮೆಲ್ಲರ ಸಹಿ. ಜೊತೆಗೆ ಇಂಗ್ಲಿಷ್ ತರ್ಜುಮೆ, ನೋಟರಿಯ ಸೀಲು.

ವಿಜೇತಾ ಮೇಡಂ ಓದಿ ಮುಗಿಸಿ ನನ್ನ ಕಡೆ ತಿರುಗಿದಳು. "ಅಂಕಲ್, ಇದು ಯಾರು ಬರೆದದ್ದು? ಮತ್ಲಬ್... ಯಾಕೆ?"

ಅದು ಸನ್ಮಾನ ಪತ್ರ ತಾಯಿ, ಸನ್ಮಾನ ಪತ್ರದಲ್ಲಿ ಹಾಗೆಯೇ ಬರೆಯುವುದು ಎಂದೆ. ಎಲ್ಲರಿಗೂ ಹಾಗೆಯೇ ಬರೆಯುತ್ತೇವೆ. ಹಲ್ಲಿನ ಡಾಕ್ಟರಿಗೂ ಕರುಣಾಸಾಗರ ಎಂದು ಬರೆದು ಕೊಟ್ಟಿದ್ದೇನೆ. ಅವಳು ಹಣೆ ಹಿಡಿದುಕೊಂಡಳು.

ಬರುವಾಗ ಲೋಕಲಿನಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಶಾಲು ಹೊದಿಸಲೇಬೇಕೆಂದು ಹಟ ಹಿಡಿದ ಈಶ್ವರನೂ ಕಿಟಕಿಯ ಹೊರಗೆ ನೋಡುತ್ತಿದ್ದ.

೧೨ ಜನವರಿ ೨೦೨೪, ಶುಕ್ರವಾರ

ಕಟಕಟೆ ಹತ್ತಿದೆ. ಅವರ ವಕೀಲರು ಒಳ್ಳೆಯ ಮನುಷ್ಯ, ದನಿ ಎತ್ತಲಿಲ್ಲ. ಹಿಂದಿಯಲ್ಲಿ ಕೇಳಿದರು. ನೀವೇ ಬರೆದಿರಾ? ಹೌದು. ಯಾರಾದರೂ ಒತ್ತಾಯ ಮಾಡಿದರಾ? ಇಲ್ಲ. ಸಾವಿರ ಜನರ ಮುಂದೆ ಮೈಕಿನಲ್ಲಿ ಓದಿದಿರಾ? ಅಷ್ಟು ಜನ ಇರಲಿಲ್ಲ. ಇದ್ದವರ ಮುಂದೆ ಓದಿದಿರಾ? ಓದಿದೆ.

ಆಮೇಲೆ, ಸಂಬಳಕ್ಕಾಗಿ ದುಡಿದವರಲ್ಲ ಎನ್ನುವ ಸಾಲನ್ನು ಇಂಗ್ಲಿಷಿನಲ್ಲಿ ಓದಿದರು. ನನ್ನ ವಾಕ್ಯವೇ, ಆದರೆ ಸತ್ತ ಮೀನಿನ ಹಾಗೆ ಬಿದ್ದಿತ್ತು. ಬರೆದಾಗ ಸುಳ್ಳು ಹೇಳಿದಿರೋ, ಇವತ್ತು ಕೋರ್ಟಿಗೆ ಸುಳ್ಳು ಹೇಳುತ್ತಿದ್ದೀರೋ ಎಂದು ಕೇಳಿದರು.

ಸುಳ್ಳು ಬರೆದೆ ಎಂದರೆ ಸಾಕು. ವಿಜೇತಾ ಮೇಡಂ ನಿನ್ನೆ ಅದನ್ನೇ ಹೇಳಿಕೊಟ್ಟಿದ್ದಳು. ಬಾಯಿಯವರೆಗೆ ಬಂತು. ಎದುರಿಗೆ ಧಣಿಗಳು ಕುಳಿತಿದ್ದರು, ಬಡವಾಗಿದ್ದಾರೆ. ನನ್ನ ಮಗಳ ಧಾರೆಯಲ್ಲಿ ನಿಂತದ್ದು ನೆನಪಾಯಿತು. ಅಕ್ಕಿ ಮೂಟೆಯ ಮೇಲೆ ಕಣ್ಣು ತುಂಬಿದ್ದು ನೆನಪಾಯಿತು.

"ಬರೆಯುವಾಗ ನಿಜ ಅಂತಲೇ ಬರೆದೆ, ಸಾಹೇಬ್" ಎಂದೆ.

ವಕೀಲರು, ದ್ಯಾಟ್ಸ್ ಆಲ್, ಎಂದು ಕುಳಿತರು.

ಹಾಳಾಗಿ ಹೋಗಲಿ ನನ್ನ ಕನ್ನಡ. ಇಷ್ಟು ಜನರ ಅನ್ನದ ಮೇಲೆ ಮಣ್ಣು ಹಾಕಿದೆ.

೧೩ ಜನವರಿ, ಶನಿವಾರ

ವಿಜೇತಾ ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇನ್ನು ಒಬ್ಬ ಸಾಕ್ಷಿಗೆ ಅವಕಾಶ ಉಂಟು ಎಂದಳು. ಮನೆಯ ಮಕ್ಕಳು ಎನ್ನುವುದು ಬರೀ ಬಾಯಿಮಾತು ಎಂದು ತೋರಿಸುವ ಏನಾದರೂ ಒಂದು ಘಟನೆ ಬೇಕು. ಆ ಮನೆಯಲ್ಲಿ ನಿಮ್ಮನ್ನು ಕೆಲಸದವರ ಹಾಗೆ ನಡೆಸಿಕೊಂಡದ್ದು. ಥಿಂಕ್, ಅಂಕಲ್.

ಯೋಚಿಸಬೇಕಾಗಿರಲಿಲ್ಲ. ಕೇಳಿದ ಕೂಡಲೇ ಗೊತ್ತಾಯಿತು. ಹೇಳಲಿಲ್ಲ, ಎದ್ದು ಬಂದೆ.

ಹಿರಿಯ ಧಣಿಗಳು ತೀರಿಕೊಂಡಾಗ ಉತ್ತರಕ್ರಿಯೆಗೆ ಎಲ್ಲರೂ ಹೋಗಿದ್ದೆವು, ಅವರ ಊರಿನ ಮನೆಗೆ. ನಮಗೆಲ್ಲ ಚಾವಡಿಯಲ್ಲಿ ಎಲೆ ಹಾಕಿದರು. ಆ ಮನೆಯ ಹಿರಿಯಮ್ಮ ಅಂಗಾರನನ್ನು ತಡೆದು, ಯಾರ ಮಗ, ಯಾವ ಕಡೆ ಎಂದು ವಿಚಾರಿಸಿದರು. ನಮ್ಮೂರು ಅಲ್ಲಿಗೆ ದೂರವೇನಲ್ಲ, ಅಪ್ಪನ ಹೆಸರಿನಿಂದಲೇ ಗುರುತು ಹಿಡಿದರು. ಆಮೇಲೆ ಅವನ ಎಲೆ ಬಿದ್ದದ್ದು ದನದ ಹಟ್ಟಿಯ ಹಿಂದೆ. ಒಬ್ಬನೇ ಕುಳಿತು ಉಂಡ. ಶಶಿಕಾಂತ ಧಣಿಗಳು ನೋಡಿದರು, ನಾನು ನೋಡಿದೆ. ಉಳಿದವರು ಪಾಯಸದ ಗಡಿಬಿಡಿಯಲ್ಲಿದ್ದರು.

ಊರಿನಲ್ಲಿ ಅವನ ಜನ ನಮ್ಮ ಬಾವಿಯ ಹತ್ತಿರ ಬರುವ ಹಾಗಿರಲಿಲ್ಲ. ಆ ಜಾತಿ ಎಂದು ಹೇಳಿದ್ದರೆ ಸುಪ್ರಭಾತದ ಅಡಿಗೆಮನೆಗೆ ಯಾರು ಬಿಡುತ್ತಿದ್ದರು? ನಮ್ಮವನೇ ಎಂದು ಹೇಳಿ ನಾನೇ ಸೇರಿಸಿದ್ದೆ. ಅವನು ಅರೆದ ಹಿಟ್ಟಿನ ಇಡ್ಲಿಯನ್ನು ಇಡೀ ದಾದರ್ ತಿಂದಿದೆ. ಗೊತ್ತಾದ ಮೇಲೂ ಧಣಿಗಳು ಚಕಾರ ಎತ್ತಲಿಲ್ಲ. ಅಂಥ ಹಿಟ್ಟು ಬೇರೆಯವರಿಂದ ಬರುವುದಿಲ್ಲ ಎಂದಿರಬಹುದು. ಒಳ್ಳೆಯತನವೂ ಇರಬಹುದು. ನನಗೆ ತಿಳಿಯದು.

೧೪ ಜನವರಿ, ಭಾನುವಾರ

ಕೇಳಿದೆ. ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದ. ಸುತ್ತಿ ಬಳಸಿ ಹೇಳಿದೆ, ಅವನಿಗೆ ಮೊದಲ ಮಾತಿಗೇ ಅರ್ಥವಾಗಿತ್ತು. ಅಂಗಿ ಹಿಂಡಿ, ಒದರಿ, ಹಗ್ಗದ ಮೇಲೆ ಹಾಕಿದ.

"ಅದು ಹೇಳಿದ್ರೆ ಎಲ್ಲರಿಗೂ ಕೆಲಸ ಸಿಗ್ತದಾ?"

ಸಿಗಬಹುದು ಎಂದೆ.

"ಈಶ್ವರಣ್ಣನವರೆಲ್ಲ ಇರ್ತಾರಾ ಅಲ್ಲಿ? ಕೋರ್ಟಲ್ಲಿ?"

ಇರುತ್ತಾರೆ.

ಬಕೆಟಿನಿಂದ ಇನ್ನೊಂದು ಅಂಗಿ ತೆಗೆದು ಹಿಂಡಿದ. ಆಮೇಲೆ ಬೇಡ ಮಾರಾಯ, ಅದೊಂದು ಬೇಡ ಎಂದ. ನಾನು ಬಿಟ್ಟುಬಿಡಬೇಕಾಗಿತ್ತು. ಬಿಡಲಿಲ್ಲ. ಈಶ್ವರನ ಹೆಂಡತಿಯ ಆಪರೇಷನ್ ಹೇಳಿದೆ. ಉಳಿದವರ ಮನೆ ಕಥೆ ಹೇಳಿದೆ. ಇಷ್ಟು ವರ್ಷ ಒಂದೇ ಪಾತ್ರೆಯಲ್ಲಿ ಉಂಡವರು, ಯಾರೇನು ತಿಳಿದುಕೊಳ್ಳುತ್ತಾರೆ, ಕಾಲ ಬದಲಾಗಿದೆ ಎಂದೆ. ಅವನು ನನ್ನ ಮುಖ ನೋಡಿದ. ನಾನೇ ನಂಬದ ಮಾತು, ಅವನು ಹೇಗೆ ನಂಬಿಯಾನು.

ಆದರೂ ಒಪ್ಪಿದ. ನನ್ನ ಮಾತಿಗೆ ಎಂದೂ ಇಲ್ಲ ಎಂದವನಲ್ಲ.

೨೧ ಫೆಬ್ರವರಿ, ಬುಧವಾರ. ಸಂಜೆ

ಅಂಗಾರನ ಸಾಕ್ಷಿ ಆಯಿತು. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹಿಂದಿಯಲ್ಲೇ ಹೇಳಿದ, ಹೋಟೆಲಿನ ಹಿಂದಿ. ವಿಜೇತಾ ಮೇಡಂ ಒಂದೊಂದಾಗಿ ಕೇಳಿದಳು. ಆ ಮನೆಗೆ ಹೋಗಿದ್ದಿರಾ? ಹೋಗಿದ್ದೆ. ಉಳಿದವರು ಎಲ್ಲಿ ಉಂಡರು? ಚಾವಡಿಯಲ್ಲಿ. ನೀವು? ಹಟ್ಟಿಯ ಹಿಂದೆ. ಯಾಕೆ?

ತನ್ನ ಜಾತಿಯ ಹೆಸರು ಹೇಳಿದ. ಅಷ್ಟು ಜನರ ನಡುವೆ, ನೆಟ್ಟಗೆ ನಿಂತು. ಜಡ್ಜು ಕೇಳದೆ ಇನ್ನೂ ಒಂದು ಮಾತು ಸೇರಿಸಿದ.

"ಮನೆಯ ಮಗನಾದರೆ ಒಳಗೆ ಕರೀತಾರೆ ಸಾಹೇಬ್. ನಾನು ಕೆಲಸದವನು. ಅದಕ್ಕೇ ಹಿಟ್ಟು ಒಳಗೆ ಹೋಗ್ತಿತ್ತು, ನಾನು ಹೊರಗೆ."

ಅವರ ವಕೀಲರು ಧಣಿಗಳ ಕಡೆ ಬಗ್ಗಿದರು. ಧಣಿಗಳು ತಲೆಯಾಡಿಸಿದರು, ಏನೂ ಕೇಳಬೇಡಿ ಎನ್ನುವ ಹಾಗೆ. ಸುಳ್ಳು ಎನ್ನಬಹುದಾಗಿತ್ತು, ಎನ್ನಲಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಧಣಿಗಳು ನನ್ನನ್ನು ನಿಲ್ಲಿಸಿದರು. "ಇಷ್ಟು ವರ್ಷ ನಾನು ಅವನ ಮಾನ ಮುಚ್ಚಿಟ್ಟೆ ಮೋನಪ್ಪ. ನೀನು ಒಂದು ದಿನದಲ್ಲಿ ತೆಗೆದೆ."

ಮನೆಯ ಹಟ್ಟಿ ನಿಮ್ಮದಲ್ಲವೇ ಧಣಿ ಎಂದು ಕೇಳಬಹುದಾಗಿತ್ತು. ಈಗ ಹೊಳೆಯುತ್ತಿದೆ. ಆಗ ಕೈಕಟ್ಟಿ ನಿಂತಿದ್ದೆ.

ವಿಜೇತಾ ಮೇಡಂಗೆ ಖುಷಿ. ಅಂಗಾರನ ಎರಡೂ ಕೈ ಹಿಡಿದುಕೊಂಡಳು. ಅಂಗಾರ ಅವಳ ತಲೆಯ ಮೇಲಿಂದ ಈಶ್ವರನನ್ನು ಹುಡುಕುತ್ತಿದ್ದ. ಈಶ್ವರ, ಗಾಡಿಗೆ ಹೊತ್ತಾಯಿತು ಎಂದು ಆಗಲೇ ಹೊರಟಿದ್ದ.

೨೨ ಫೆಬ್ರವರಿ, ಗುರುವಾರ

ನಿನ್ನೆ ಅಂಗಾರ ಗಂಜಿ ಬೇಯಿಸಿದ. ಈಶ್ವರನಿಗೆ ಹಸಿವಿಲ್ಲವಂತೆ. ಇನ್ನೊಬ್ಬನಿಗೆ ಗ್ಯಾಸ್. ಮತ್ತೊಬ್ಬ ವಡಾಪಾವ್ ತಿಂದು ಬಂದಿದ್ದ. ಯಾರೂ ಕೆಟ್ಟ ಮಾತು ಆಡಲಿಲ್ಲ. ಬಹಳ ನಯವಾಗಿದ್ದರು.

ನಾನು ಉಂಡೆ. ಎರಡು ಸಲ ಹಾಕಿಸಿಕೊಂಡು, ಸೊರ್ ಸೊರ್ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಉಂಡೆ. ಅದೂ ತಪ್ಪು. ಮೊದಲೆಲ್ಲ ಹೀಗೆ ತೋರಿಸಿಕೊಂಡು ಉಣ್ಣುತ್ತಿರಲಿಲ್ಲ. ಅಂಗಾರ ನೋಡಿದ. ಸಾಕು ಮಾರಾಯ, ಹೊಟ್ಟೆ ಕೆಡ್ತದೆ ಎಂದ.

೨೬ ಫೆಬ್ರವರಿ, ಸೋಮವಾರ

ಈಗ ಅಂಗಾರ ಕೆಲಸದಿಂದ ಬರುವ ಮೊದಲೇ ಯಾರೋ ಅನ್ನ ಇಟ್ಟಿರುತ್ತಾರೆ. ನಿನಗೆ ಯಾಕೆ ತೊಂದರೆ, ದಣಿದು ಬಂದಿರ್ತಿ ಎನ್ನುತ್ತಾರೆ. ನೀರಿನ ಕೊಡದ ಮೇಲೆ ಒಂದು ಉದ್ದ ಹಿಡಿಯ ಸೌಟು ಬಂದಿದೆ. ಯಾರು ತಂದರೆಂದು ಕೇಳಿದೆ. ಎಲ್ಲರೂ ಮೊಬೈಲ್ ನೋಡುತ್ತಿದ್ದರು.

ಈಶ್ವರನನ್ನು ಹೊರಗೆ ಎಳೆದುಕೊಂಡು ಹೋಗಿ ಕೇಳಿದೆ. ಅವನ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು.

"ನಾನೆಂತ ಮಾಡಿದೆ? ಒಂದು ಮಾತು ಹೇಳಿದ್ದೇನಾ ಅವನಿಗೆ? ಗಂಟಲಲ್ಲಿ ಇಳಿಯುದಿಲ್ಲ ಮೋನಪ್ಪಣ್ಣ. ಪ್ರಯತ್ನ ಮಾಡಿದೆ. ಇಳಿಯುದಿಲ್ಲ."

ಒಳ್ಳೆಯವನು. ಅದೇ ದೊಡ್ಡ ಸಂಕಟ. ಕೆಟ್ಟವನಾಗಿದ್ದರೆ ಹೊಡೆದಾದರೂ ಬರುತ್ತಿದ್ದೆ.

೩ ಮಾರ್ಚ್, ಭಾನುವಾರ

ವಸಾಯಿ ಕಡೆ ದೊಡ್ಡ ಮದುವೆಯ ಕ್ಯಾಟರಿಂಗ್ ಉಂಟು, ಎರಡು ದಿನ ಬರುವುದಿಲ್ಲ ಎಂದು ಅಂಗಾರ ಹೇಳಿ ಹೋದ. ಪೆಟ್ಟಿಗೆ ತೆಗೆದುಕೊಂಡು ಹೋದ. ಎರಡು ದಿನಕ್ಕೆ ಪೆಟ್ಟಿಗೆ ಯಾಕೆ ಎಂದು ಕೇಳಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, ಚಟ್ನಿ ಅರೆದು ಇಟ್ಟಿದ್ದೇನೆ, ನೀನಾದ್ರೂ ತಿನ್ನು ಎಂದ.

೧೧ ಮಾರ್ಚ್, ಸೋಮವಾರ

ಬಂದಿಲ್ಲ. ಫೋನ್ ಸ್ವಿಚ್ ಆಫ್.

ಕ್ಯಾಟರಿಂಗಿನವನನ್ನು ಹುಡುಕಿಕೊಂಡು ಹೋದೆ. ವಸಾಯಿಯಲ್ಲಿ ಯಾವ ಮದುವೆಯೂ ಇರಲಿಲ್ಲ.

೧೮ ಜುಲೈ, ಗುರುವಾರ

ಗೆದ್ದೆವು.

ವಿಜೇತಾ ಮೇಡಂ ಫೋನಿನಲ್ಲಿ ಕೂಗಿದಳು. ಸುಪ್ರಭಾತ ಹೋಟೆಲಿನ ಕೆಲಸಗಾರರು ಕೆಲಸಗಾರರೇ. ಬಾಂದ್ರಾದ ಹೋಟೆಲು ಅದೇ ಮಾಲೀಕರದು. ಕೆಲಸಕ್ಕೆ ತೆಗೆದುಕೊಳ್ಳಬೇಕು. ಆಗಸ್ಟ್ ಒಂದನೇ ತಾರೀಖು ಪ್ರತಿಯೊಬ್ಬರೂ ಖುದ್ದಾಗಿ ಹೋಗಿ ಹಾಜರಾಗಬೇಕು. ಅಂದು ಬಾರದವರ ಹಕ್ಕು ಮುಗಿಯಿತು.

ನನ್ನ ಸನ್ಮಾನ ಪತ್ರದ ಬಗ್ಗೆ ಒಂದೇ ಸಾಲು ಇದೆಯಂತೆ, ಆಡಂಬರದ ಮಾತು ಎಂದು. ಸರಿಯಾಗಿಯೇ ಹೇಳಿದ್ದಾರೆ. ಅಂಗಾರನ ಮಾತನ್ನು ಪೂರ್ತಿ ಎತ್ತಿ ಬರೆದಿದ್ದಾರೆ. ಹಿಟ್ಟು ಒಳಗೆ, ಅವನು ಹೊರಗೆ. ಅದರ ಮೇಲೆಯೇ ತೀರ್ಪು ನಿಂತಿದೆ.

ರೂಮಿನಲ್ಲಿ ಪೇಡೆ ಹಂಚಿದರು. ಈಶ್ವರ ನನ್ನ ಬಾಯಿಗೆ ಒಂದು ತುರುಕಿದ. ಸಿಹಿ ಬಾಯಲ್ಲೇ ಉಳಿಯಿತು, ನುಂಗಲು ಆಗಲಿಲ್ಲ. ನಳಕ್ಕೆ ಹೋಗಿ ಉಗುಳಿ ಬಂದೆ. ಗಂಟಲಲ್ಲಿ ಇಳಿಯದಿರುವುದು ಎಂದರೆ ಏನೆಂದು ಗೊತ್ತಾಯಿತು.

೨೧ ಜುಲೈ, ಭಾನುವಾರ

ಊರಿಗೆ ಫೋನ್ ಮಾಡಿದೆ. ನನ್ನ ಹೆಂಡತಿ ಚಂಪಾ ಹೋಗಿ ಅವನ ಮನೆಯಲ್ಲಿ ವಿಚಾರಿಸಿ ಬಂದಳು. ಅಲ್ಲಿಗೂ ಬಂದಿಲ್ಲ. ಅವನ ತಂಗಿ, ಅಣ್ಣ ಮುಂಬಯಿಯಲ್ಲಿ ನಿಮ್ಮ ಯಜಮಾನರ ಜೊತೆಯೇ ಇದ್ದಾನಲ್ಲ ಎಂದಳಂತೆ. ಏನು ಹೇಳಿದೆ ಎಂದು ಕೇಳಿದೆ. ಹೌದು ಎಂದೆ, ಮತ್ತೇನು ಹೇಳುವುದು ಎಂದಳು ಚಂಪಾ.

೨೮ ಜುಲೈ, ಭಾನುವಾರ

ವಸಾಯಿ, ವಿರಾರ್, ಈ ಕಡೆ ಕಲ್ಯಾಣ್. ಕ್ಯಾಟರಿಂಗಿನವರ ಅಡಿಗೆಮನೆಗಳ ಹಿಂಬಾಗಿಲಿಗೆ ಹೋಗಿ ಕೇಳುತ್ತೇನೆ. ಹಿಟ್ಟು ಅರೆಯುವವನು, ಕಪ್ಪಗೆ, ತೆಳ್ಳಗೆ, ಮಾತು ಕಡಿಮೆ. ಎಲ್ಲ ಕಡೆಯೂ ಅಂಥವನೊಬ್ಬ ಇರುತ್ತಾನೆ. ಕರೆದು ತೋರಿಸುತ್ತಾರೆ. ಅವನಲ್ಲ.

ಈಶ್ವರ ಇಂದು ನನ್ನ ಜೊತೆ ಬಂದ. ಕರೆಯದೆ ಬಂದ. ಸಿಕ್ಕಿದರೆ ಏನು ಹೇಳುತ್ತೀಯ ಎಂದು ಕೇಳಿದೆ. ಗೊತ್ತಿಲ್ಲ ಎಂದ. ವಾಪಸು ಬರುವಾಗ ಮಳೆ, ಗಾಡಿ ಲೇಟ್, ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ನಿಂತಿದ್ದೆವು.

೧ ಆಗಸ್ಟ್ ೨೦೨೪, ಗುರುವಾರ

ಬಾಂದ್ರಾ. ಬೇಗ ಹೋಗಿ ನಿಂತೆವು. ಹಿಂಬಾಗಿಲ ಹತ್ತಿರ ಸಾಲು. ಎಲ್ಲರೂ ಇಸ್ತ್ರಿ ಮಾಡಿದ ಅಂಗಿ. ಒಳಗೆ ಏಜೆನ್ಸಿಯ ಹುಡುಗರು ಗಾಜಿನ ಆಚೆಯಿಂದ ನೋಡುತ್ತಿದ್ದರು, ಪಾಪ, ಅವರಿಗೂ ಹೆದರಿಕೆ. ವಿಜೇತಾ ಮೇಡಂ ಬಂದಿದ್ದಳು, ಕೋರ್ಟಿನ ಕಡೆಯವನೊಬ್ಬನೂ ಇದ್ದ. ಧಣಿಗಳು ಬರಲಿಲ್ಲ.

ಮನೀಶ್ ಆರ್ಡರ್ ಹಿಡಿದು ಒಂದೊಂದೇ ಹೆಸರು ಕರೆದ. ಕರೆದವನು ಹೂಂ ಎಂದು ಒಳಗೆ ಹೋಗಬೇಕು. ಒಬ್ಬೊಬ್ಬರೇ ಹೋದರು. ನಾನು ಕದಲದೆ ರಸ್ತೆಯ ಕಡೆಯೇ ನೋಡುತ್ತಿದ್ದೆ. ಪ್ರತಿ ರಿಕ್ಷಾ ನಿಂತಾಗಲೂ ಯಾರು ಇಳಿಯುತ್ತಾರೆಂದು ಕತ್ತು ಚಾಚುತ್ತಿದ್ದೆ.

ಅಂಗಾರ, ಎಂದ ಮನೀಶ್.

ಯಾರೂ ಅಲುಗಲಿಲ್ಲ. ಒಳಗೆ ಹೋದವರೂ ಬಾಗಿಲಿಗೆ ಬಂದು ನಿಂತರು. ಅಂಗಾರ ಕೌನ್ ಹೈ, ಎಂದು ಮತ್ತೆ ಕರೆದ. ಕೋರ್ಟಿನವನು ವಾಚ್ ನೋಡಿಕೊಂಡ.

ನನ್ನ ಮುಂದೆ ನಿಂತಿದ್ದ ಈಶ್ವರ, ತಿರುಗಿ ನೋಡದೆ, "ಬರ್ತಾನೆ" ಎಂದ.

ಯಾವಾಗ, ಎಂದು ಕೇಳಿದ ಕೋರ್ಟಿನವನು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಖಾಲಿ ರಸ್ತೆಯ ಕಡೆ ನೋಡುತ್ತಲೇ, "ಬರ್ತಾನೆ" ಎಂದೆ.